ಇನ್ನೊಬ್ಬರನ್ನು ಸೇರಿಸಿ

ಮನೆದೇವರ ಪೂಜೆಗೆಂದು ವರ್ಷಕ್ಕೊಮ್ಮೆ ನಾವೆಲ್ಲ ಊರಲ್ಲಿ ಸೇರುತ್ತೇವೆ. ಎಷ್ಟು ಜನ ಬರುತ್ತಾರೆ ಅನ್ನೋದು ಆ ದೇವರಿಗೂ ಗೊತ್ತಿರುವುದಿಲ್ಲ. ಆದರೆ ಅಡುಗೆ ಭಟ್ಟರಿಗೆ ಗೊತ್ತಿರಬೇಕು. ಅದಕ್ಕೇ ದೊಡ್ಡಪ್ಪ ಎಲ್ಲರಿಗೂ ಫೋನ್ ಮಾಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಈ ಸಲ ಅಣ್ಣನ ಮಗ, "ಎಲ್ಲಾ ಆನ್‌ಲೈನ್ ಮಾಡೋಣ ತಾತ" ಎಂದ. ಇಂಜಿನಿಯರಿಂಗ್ ಓದುವ ಹುಡುಗ. ಬೇಡ ಅನ್ನೋರು ಯಾರು? ವೆಬ್‌ಸೈಟ್ ಕೆಲಸದಲ್ಲೇ ತಲೆ ಬೆಳ್ಳಗಾದವನೆಂದು ರಿಪೇರಿಯ ಹೊಣೆ ನನಗೆ ಬಂತು.

ಫಾರಂ ನೋಡಲು ಚೆನ್ನಾಗೇ ಇತ್ತು. ಹೆಸರು, ವಯಸ್ಸು, ರಾತ್ರಿ ಉಳಿಯುತ್ತೀರಾ ಎಂಬ ಟಿಕ್. ಕೆಳಗೆ ಪ್ಲಸ್ ಗುರುತಿನ ಬಟನ್: 'ಇನ್ನೊಬ್ಬರನ್ನು ಸೇರಿಸಿ'. ಒತ್ತಿದರೆ ಹೊಸ ಸಾಲು. ಆದರೆ ನಮ್ಮವರು ಪ್ಲಸ್ ಒತ್ತುವ ಪೈಕಿ ಅಲ್ಲ. ಮೈಸೂರಿನ ಅತ್ತೆ ಮೊದಲ ಪೆಟ್ಟಿಗೆಯಲ್ಲೇ "ನಾವಿಬ್ರು, ಮಕ್ಕಳು, ರಜ ಸಿಕ್ಕಿದ್ರೆ ಅಳಿಯಂದಿರು" ಎಂದು ಬರೆದು, ವಯಸ್ಸಿನ ಜಾಗದಲ್ಲಿ "ಎಲ್ಲರದ್ದೂನಾ?" ಎಂದು ಕೇಳಿದ್ದರು. 'ರಜ ಸಿಕ್ಕಿದ್ರೆ' ಅನ್ನೋದಕ್ಕೆ ಯಾವ ಡೇಟಾಬೇಸ್‌ನಲ್ಲಿ ಕಾಲಂ ಇದೆ ಹೇಳಿ.

ಪ್ಲಸ್ ಒತ್ತಿದವರ ಪಾಡು ಇನ್ನೂ ಚಂದ. ಒತ್ತಿದ ಕೂಡಲೇ ಫಾರಂ ಹೊರಟೇಹೋಯಿತು! ಫಾರಂ ಒಳಗಿನ ಬಟನ್‌ಗೆ 'ನೀನು ಬರೀ ಬಟನ್ ಕಣಪ್ಪ' ಎಂದು ಟೈಪ್ ಬರೆದು ತಿಳಿಸದಿದ್ದರೆ, ಅದು ತಾನೇ ಫಾರಂ ಕಳಿಸುವ ಸಬ್ಮಿಟ್ ಬಟನ್ ಅಂದುಕೊಳ್ಳುತ್ತದೆ. ತಮ್ಮ ಹೆಸರು ಬರೆದು ಹೆಂಡತಿಗಾಗಿ ಪ್ಲಸ್ ಒತ್ತಿದ ಗಂಡಸರೆಲ್ಲ ಪಟ್ಟಿಯಲ್ಲಿ ಒಂಟಿಯಾದರು. ಒಂದಿಬ್ಬರ ಮನೆಯಲ್ಲಿ ಇದರ ವಿಚಾರಣೆಯೂ ನಡೆಯಿತಂತೆ.

ಅದು ಸರಿಹೋಗುವಷ್ಟರಲ್ಲಿ ಇನ್ನೊಂದು ತರಲೆ. ಹುಡುಗ ಕೋಡ್‌ನಲ್ಲಿ ಎಲ್ಲ ಸಾಲಿನ ಪೆಟ್ಟಿಗೆಗೂ ಒಂದೇ ಹೆಸರಿಟ್ಟಿದ್ದ. ಕಳಿಸಿದ ಫಾರಂ ಅನ್ನು ಸರ್ವರ್‌ನಲ್ಲಿ ಬಿಡಿಸಿ ಓದುವ ಭಾಷೆ ಪಿಎಚ್‌ಪಿ. ಅದರಲ್ಲಿ ಆ ಪೆಟ್ಟಿಗೆ ಹೆಸರಿನ ಕೊನೆಗೆ ಒಂದು ಜೊತೆ ಚೌಕ ಬ್ರಾಕೆಟ್ ಹಾಕದಿದ್ದರೆ, ಬಂದವರಲ್ಲಿ ಕೊನೆಯವರೊಬ್ಬರೇ ಉಳಿಯುತ್ತಾರೆ. ಹೆಸರು ಬರೆಯುವಾಗ ಯಾರಾದರೂ ಹಿರಿಯರಿಂದ ತಾನೇ ಶುರು ಮಾಡೋದು? ಪಟ್ಟಿ ತೆಗೆದು ನೋಡಿದರೆ ಬರೀ ಕೂಸುಗಳು. "ಪಾಯಸ ಬೇಡ ಹಾಗಿದ್ರೆ, ರಾಗಿ ಸರಿ ಕಲಸಿದ್ರೆ ಸಾಕು" ಎಂದರು ದೊಡ್ಡಪ್ಪ.

ಬ್ರಾಕೆಟ್ ಹಾಕಿದ್ದಾಯಿತು. ಹೆಸರುಗಳು ನಿಂತವು, ಟಿಕ್‌ಗಳು ಜಾರಿದವು. ಟಿಕ್ ಮಾಡದ ಚೆಕ್‌ಬಾಕ್ಸನ್ನು ಬ್ರೌಸರ್ ಕಳಿಸುವುದೇ ಇಲ್ಲ. ಇಲ್ಲ ಅಂತಲೂ ಹೇಳದೆ ಸುಮ್ನೆ ಇದ್ದುಬಿಡುತ್ತದೆ. ಐದು ಹೆಸರಿಗೆ ಎರಡೇ ಟಿಕ್ ಬಂದರೆ ಪ್ರೋಗ್ರಾಂ ಅವನ್ನು ಮೇಲಿನ ಇಬ್ಬರಿಗೆ ಹಂಚುತ್ತದೆ. ಸಂಜೆ ಬಸ್ಸಿಗೇ ಹೊರಡುವ ಅಜ್ಜ ಅಜ್ಜಿಗೆ ಹಾಸಿಗೆ ರೆಡಿ, ಉಳಿಯುವ ಮೊಮ್ಮಕ್ಕಳಿಗೆ ಚಾಪೆಯೂ ಇಲ್ಲ. ಪ್ರತಿ ಸಾಲಿಗೂ ಬ್ರಾಕೆಟ್ಟಿನೊಳಗೆ ಅದರದ್ದೇ ನಂಬರ್ ಕೊಡಿಸಿದ ಮೇಲೆ ಟಿಕ್‌ಗಳು ಅವರವರ ಹೆಸರಿನ ಪಕ್ಕ ಬಂದು ಕೂತವು.

ಅಷ್ಟರಲ್ಲಿ ದೊಡ್ಡಪ್ಪನಿಗೂ ಉತ್ಸಾಹ ಬಂದು, ಹಳೇ ನೋಟ್‌ಬುಕ್ ಪೂರಾ ಒಂದೇ ಫಾರಂಗೆ ತುಂಬಿದರು. ತೀರಿಕೊಂಡವರೂ ಅದರಲ್ಲಿದ್ದರು. ಹೆಸರು ಹೊಡೆದುಹಾಕಲು ಅವರಿಗೆ ಮನಸ್ಸು ಬರುವುದಿಲ್ಲ. ಕಳಿಸಿದರೆ ಕೊನೆಯ ಪುಟಗಳೆಲ್ಲ ಮಾಯ. 2012ರಲ್ಲಿ ಬಂದ 5.3.9ನೇ ಆವೃತ್ತಿಯಿಂದ ಪಿಎಚ್‌ಪಿ, ನಾವು ಸೆಟ್ಟಿಂಗ್ ಬದಲಿಸದಿದ್ದರೆ, ಒಂದು ಸಲಕ್ಕೆ 1000 ಇನ್‌ಪುಟ್ ಮಾತ್ರ ತೆಗೆದುಕೊಳ್ಳುತ್ತದೆ. ಬೇಕೆಂದೇ ಲೆಕ್ಕವಿಲ್ಲದಷ್ಟು ಪೆಟ್ಟಿಗೆ ಕಳಿಸಿ ಸರ್ವರ್ ಮಲಗಿಸುವ ಕಿಡಿಗೇಡಿಗಳಿಗಾಗಿ ಹಾಕಿದ ಕಡಿವಾಣ ಅದು. ಟಿಕ್ಕೂ ಸೇರಿ ತಲೆಗೆ ಮೂರು ಪೆಟ್ಟಿಗೆ ಎಂದರೆ 333 ಜನ ಆಗುತ್ತಲೇ ಬಾಗಿಲು ಬಂದ್. ಕಡಿವಾಣ ಹಾಕಿದವರು ನಮ್ಮ ವಂಶವೃಕ್ಷ ನೋಡಿರಲಿಕ್ಕಿಲ್ಲ.

ಹುಡುಗನಿಗೆ ರೇಗಿತು. "ಪಿಎಚ್‌ಪಿನೇ ಬೇಡ ಚಿಕ್ಕಪ್ಪ" ಎಂದು ತೆರೆಯ ಮೇಲೆ ಕಾಣುವ ಮುಂಭಾಗವನ್ನೆಲ್ಲ ವೆಬ್ ಪುಟ ಕಟ್ಟುವ ರಿಯಾಕ್ಟ್ ಎಂಬ ಸಲಕರಣೆಯಲ್ಲಿ ಹೊಸದಾಗಿ ಕಟ್ಟಿದ. ಯಾವ ಸಾಲು ಯಾವುದೆಂದು ರಿಯಾಕ್ಟ್ ಗುರುತು ಹಿಡಿಯಲು ಸಾಲುಗಳಿಗೆ ಕೀ ಕೊಡುವಾಗ ಅವುಗಳ ಸರದಿ ನಂಬರನ್ನೇ ಕೊಟ್ಟ. ಬರೆದದ್ದನ್ನು ರಿಯಾಕ್ಟ್ ಕೈಗೆ ಕೊಡದೆ ಪೆಟ್ಟಿಗೆಯಲ್ಲೇ ಬಿಟ್ಟು ಹಾಗೆ ಮಾಡಿದರೆ, ಮಧ್ಯದ ಸಾಲು ಅಳಿಸಿದಾಗ ತೆರೆಯ ಮೇಲೆ ಹೋಗುವುದು ಕೊನೆಯ ಪೆಟ್ಟಿಗೆ. ನಮ್ಮ ಸೋದರತ್ತೆಯೊಬ್ಬರು ಸೊಸೆಯ ಹೆಸರಿನ ಪಕ್ಕದ ಅಳಿಸುವ ಗುರುತು ಒತ್ತಿದರು. ಯಾಕೆ ಅಂತ ನಾನು ಕೇಳಲಿಲ್ಲ. ಸೊಸೆ ಅಲ್ಲೇ ಇದ್ದಳು, ಕೊನೆಯ ಸಾಲಿನಲ್ಲಿದ್ದ ಅತ್ತೆಯೇ ಮಾಯ. ಇದನ್ನು ದೋಷ ಅಂತ ಒಪ್ಪಲು ಆ ಸೊಸೆ ಇವತ್ತಿಗೂ ತಯಾರಿಲ್ಲ.

ಕೊನೆಗೆ ನಾನೇ ಪ್ಲಸ್ಸು, ಸಾಲು, ಟಿಕ್ಕು ಎಲ್ಲ ಕಿತ್ತುಹಾಕಿಸಿದೆ. ಒಂದೇ ಒಂದು ದೊಡ್ಡ ಖಾಲಿ ಪೆಟ್ಟಿಗೆ: 'ಬರುವವರ ಹೆಸರು ಬರೆಯಿರಿ, ಸಾಲಿಗೊಬ್ಬರು.' ಸಾಲು ಎಣಿಸಿದರೆ ಎಲೆ ಲೆಕ್ಕ ಸಿಕ್ಕಿತು. ಹುಡುಗನಿಗೆ ಇದು ಅವಮಾನ, ಆದರೆ ಇಂಥ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ನನಗಂತೂ ಗೊತ್ತಿಲ್ಲ. ಎರಡೇ ದಿನದಲ್ಲಿ ಪಟ್ಟಿ ತುಂಬಿತು. ದೊಡ್ಡಪ್ಪ ಪ್ರಿಂಟ್ ತೆಗೆಸಿ ಭಟ್ಟರ ಮುಂದೆ ಓದಿದರು. ಯಾರೋ ವಿಳಾಸವನ್ನೂ ಸಾಲು ಸಾಲಾಗಿ ಬರೆದಿದ್ದರು.

"ಹಳೇ ಬಸ್ ಸ್ಟ್ಯಾಂಡ್ ಹಿಂಭಾಗ," ಓದಿದರು ದೊಡ್ಡಪ್ಪ.

"ಇವರು ಯಾರ ಪೈಕಿ?" ಎಂದರು ಭಟ್ಟರು.

"ಯಾರೋ ಏನೋ. ಒಂದು ಎಲೆ ಜಾಸ್ತಿ ಇರಲಿ ಬಿಡಿ ಭಟ್ರೇ."