ಸೊಳ್ಳೆಗೂ ದಾರಿ ಬೇಕಲ್ವೇನೇ?

ನಿನ್ನೆ ರಾತ್ರಿ ಸೊಳ್ಳೆ ಕಚ್ಚಿದ್ದು ಕಾಲಿನ ಹೆಬ್ಬೆರಳಿಗೆ. ಚಪ್ಪಲಿ ಹಾಕಿದರೂ ಉರಿ, ಬಿಟ್ಟರೂ ಉರಿ.

ತುಮಕೂರಿನ ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ ಸಂಜೆಯಾದರೆ ಸೊಳ್ಳೆ ಮೆಷಿನ್ ಹಾಕುವುದು ನನ್ನ ಕೆಲಸ. ಹಿಂದೆಯೇ ಬಂದು ಕಿಟಕಿ ತೆರೆಯುವುದು ನಮ್ಮ ಯಜಮಾನರ ಕೆಲಸ. "ಏನ್ರೀ ಇದು?" ಅಂದರೆ, "ಅವಕ್ಕೂ ಆಚೆ ಹೋಗೋಕೆ ದಾರಿ ಬೇಕಲ್ವೇನೇ?" ಅನ್ನುತ್ತಾರೆ. ಬಂದ ನೆಂಟರನ್ನು ಗೇಟಿನವರೆಗೂ ಬಿಡಲು ಏಳದ ಮನುಷ್ಯ! ಸೊಳ್ಳೆಗೆ ಮಾತ್ರ ಪರದೆ ಸರಿಸಿ, ಮೆಶ್ ತೆಗೆದು, ಪಕ್ಕಕ್ಕೆ ನಿಲ್ಲುತ್ತಾರೆ. ಬೀರುವಿನ ಸಂದಿಯಲ್ಲಿ ಕೂತವನ್ನೂ ಟವೆಲ್ ಬೀಸಿ, "ನಡೀರಿ, ನಡೀರಿ" ಅಂತ ಎಬ್ಬಿಸುತ್ತಾರೆ.

ಬೇಜಾರೇನೆಂದರೆ, ವಿಜ್ಞಾನವೂ ಅವರ ಕಡೆಗೇ ಇದೆ. ಲಿಕ್ವಿಡ್, ಕಾಯಿಲ್‌ಗಳಲ್ಲಿ ಇರುವುದು ಹೆಚ್ಚಾಗಿ ಪೈರೆಥ್ರಾಯ್ಡ್ ಜಾತಿಯ ಔಷಧ. ಸೇವಂತಿಗೆ ಕುಲದ ಒಂದು ಹೂವಿನ ವಿಷ ನೋಡಿ ಕಾರ್ಖಾನೆಯಲ್ಲಿ ಮಾಡಿದ್ದು. ಅದು ಸೊಳ್ಳೆಯ ನರಕ್ಕೆ ತಾಗುತ್ತದೆ. ಸಾಕಷ್ಟು ತಾಗಿದರೆ ಸಾಯುತ್ತದೆ. ಕಮ್ಮಿಯಾದರೆ ಕೂತಲ್ಲಿ ಕೂರಲಾರದೆ ಆಚೆ ಹಾರುತ್ತದೆ. ಡಿಡಿಟಿ ಕಾಲದಲ್ಲೂ ಹೀಗೇ. ಗೋಡೆಗೆ ಔಷಧ ಹೊಡೆದರೆ ಎಷ್ಟೋ ಸೊಳ್ಳೆಗಳು ಸಾಯುವ ಮೊದಲೇ ಮನೆ ಖಾಲಿ ಮಾಡುತ್ತಿದ್ದವು. 2022ರ ಒಂದು ಅಧ್ಯಯನ ಓದಿ ನನಗೆ ಇನ್ನೂ ಉರಿಯಿತು. ಒಂದು ಸಲ ಔಷಧ ತಾಗಿ ಬದುಕಿದ ಹೆಣ್ಣು ಸೊಳ್ಳೆ ಮುಂದೆ ಅದರ ವಾಸನೆ ಕಂಡರೆ ದೂರ ಉಳಿಯುತ್ತದಂತೆ. ಒಂದೇ ಪಾಠಕ್ಕೆ! ಇತ್ತ ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕಬೇಡಿ ಅಂತ ಮದುವೆಯಾದಾಗಿನಿಂದ ಹೇಳುತ್ತಿದ್ದೇನೆ.

ಸರಿ, ಹೋದ ಸೊಳ್ಳೆ ಎಲ್ಲಿಗೆ ಹೋಗುತ್ತದೆ? ಪಕ್ಕದ ಮನೆ ಮೇಷ್ಟ್ರ ಹತ್ತಿರ. ಅವರೂ ಅದೇ ಹೊತ್ತಿಗೆ ಕಾಯಿಲ್ ಹಚ್ಚಿ ಕಿಟಕಿ ತೆರೆಯುತ್ತಾರೆ. ಸಂಕ್ರಾಂತಿಯ ಎಳ್ಳು-ಬೆಲ್ಲದ ಹಾಗೆ ನಮ್ಮದು ಅವರಿಗೆ, ಅವರದು ನಮಗೆ.

ಗುಬ್ಬಿ ಕಡೆಯ ನನ್ನ ತವರಿನಲ್ಲಿ ಅಜ್ಜಿ ಕೊಟ್ಟಿಗೆಗೆ ಬೇವಿನ ಸೊಪ್ಪಿನ ಹೊಗೆ ಹಾಕುತ್ತಿದ್ದಳು. ದನದ ಕಣ್ಣಲ್ಲೂ ನೀರು, ನಮ್ಮ ಕಣ್ಣಲ್ಲೂ ನೀರು. ಸೊಳ್ಳೆ ಹೋಗುತ್ತಿತ್ತೋ ಇಲ್ಲವೋ, ಆ ವಾಸನೆಗೆ ನಿದ್ದೆಯಂತೂ ಬರುತ್ತಿತ್ತು. ಈಗ ಹಾಕಿದರೆ ಮೇಷ್ಟ್ರು ಫೈರ್ ಎಂಜಿನ್ ಕರೆಸುತ್ತಾರೆ.

ಇನ್ನು ಡೆಂಗಿ ತರುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ. ಆಗ ನಮ್ಮ ಮೆಷಿನ್ ಆಫ್. ಅದು ಮೊಟ್ಟೆ ಇಡುವುದು ನಾವು ಹಿಡಿದಿಟ್ಟ ತಿಳಿನೀರಿನ ಅಂಚಿಗೇ, ಪಾತ್ರೆಯ ಒಳಗೋಡೆಗೆ. ಅದಕ್ಕೇ ಬೆಳಿಗ್ಗೆ ಡ್ರಮ್ ತಿಕ್ಕಿ, ನೀರು ತುಂಬಿಸಿ, ಮುಚ್ಚಳ ಬಿಗಿಯಾಗಿ ಹಾಕಿ ಬಂದೆ.

ಮಧ್ಯಾಹ್ನ ನೋಡಿದರೆ ಮುಚ್ಚಳ ಅರ್ಧ ಸರಿದಿದೆ.

"ನೀರಿಗೂ ಸ್ವಲ್ಪ ಗಾಳಿ ಆಡಬೇಕಲ್ವೇನೇ?"