ಹಿಮನದಿಗಳು ಬೆಳೆಯುತ್ತಿವೆಯಾ? ಸತ್ಯಾಂಶ ಇಲ್ಲಿದೆ

‘ಹಿಮಾಲಯದ ಹಿಮನದಿಗಳು ಬೆಳೆಯುತ್ತಿವೆ, ವಿಜ್ಞಾನಿಗಳು ಸುಮ್ನೆ ಹೆದರಿಸ್ತಾರೆ’ ಅನ್ನೋ ಮೆಸೇಜ್ ನಿಮಗೂ ಬಂದಿರಬಹುದು. ಇದು ತಪ್ಪು. ಹಿಮಾಲಯದ ಪಕ್ಕದ ಕಾರಾಕೋರಂ ಪರ್ವತಶ್ರೇಣಿಯ ಕೆಲವು ಹಿಮನದಿಗಳು ಮುಂದಕ್ಕೆ ಸರಿದದ್ದು ನಿಜ, ಅದಕ್ಕೇ ಜನ ನಂಬ್ತಾರೆ. ಆದರೆ ಹಿಮಾಲಯದಲ್ಲಿ ಒಟ್ಟಾರೆ ಕರಗುವುದೇ ಜಾಸ್ತಿ.

ಹಿಮಾಚಲದ ಛೋಟಾ ಶಿಗ್ರಿ ಹಿಮನದಿಯಲ್ಲಿ ಸಂಶೋಧಕರು ಮಂಜುಗಡ್ಡೆ ಕೊರೆದು ಬಿದಿರಿನ ಗಳ ಇಳಿಸ್ತಾರೆ, ಮುಂದಿನ ವರ್ಷ ಮತ್ತೆ ಹತ್ತಿ ಹೋಗಿ ಗಳ ಎಷ್ಟು ಹೊರಗೆ ಬಂದಿದೆ ಅಂತ ಅಳೆಯುತ್ತಾರೆ. 2002ರಿಂದ ನಡೆದಿರುವ ಕೆಲಸ ಇದು, ಎಷ್ಟು ತಾಳ್ಮೆ ಬೇಕು ಅಲ್ವಾ? ಹಿಮ ಚೆನ್ನಾಗಿ ಬಿದ್ದು ಮಂಜುಗಡ್ಡೆ ಹೆಚ್ಚಿದ ವರ್ಷಗಳನ್ನೂ ಅವರು ಮುಚ್ಚಿಟ್ಟಿಲ್ಲ. ಆದರೂ ಒಟ್ಟು ಲೆಕ್ಕ ನಷ್ಟವೇ.

ಹಿಮನದಿ ಬೆಳೆದಿದೆ ಅನ್ನೋ ಫೋಟೋ ಬಂದರೆ ಜಾಗ, ತಿಂಗಳು ಕೇಳಿ. ಫೆಬ್ರವರಿಯ ಹೊಸ ಹಿಮ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಅಲ್ಲಿನ ಬೇಸಿಗೆ ಮುಗಿದ ಸೆಪ್ಟೆಂಬರ್‌ನ ಉಪಗ್ರಹ ಚಿತ್ರಗಳನ್ನು, ಇಪ್ಪತ್ತು ವರ್ಷದ ಅಂತರದಲ್ಲಿ, ಗೂಗಲ್ ಅರ್ಥ್‌ನಲ್ಲಿ ನೀವೇ ಹೋಲಿಸಿ ನೋಡಬಹುದು.