ಟವರ್ ಆಫ್, ತಲೆನೋವು ಆನ್

ಶಾರ್ಕ್ ಮೀನಿಗೆ ಒಂದು ಶಕ್ತಿ ಇದೆ. ಮರಳಿನಡಿ ಅಡಗಿ ಕೂತ ಮೀನಿನ ಮೈಯಿಂದ ಹೊರಡುವ ಚೂರುಪಾರು ವಿದ್ಯುತ್ತನ್ನೂ ಅದು ಮೂತಿಯಲ್ಲೇ ಹಿಡಿಯುತ್ತದೆ. ಆದರೆ ಪಾಪ, ಅದಕ್ಕೆ ಕರೆಂಟ್ ಇದ್ದರಷ್ಟೇ ಗೊತ್ತಾಗುವುದು. ಮನುಷ್ಯರಾದ ನಮಗೆ ಇಲ್ಲದಿದ್ದರೂ ಗೊತ್ತಾಗುತ್ತದೆ.

ಜೋಹಾನ್ಸ್‌ಬರ್ಗ್‌ನ ಕ್ರೈಗಾವನ್ ಬಡಾವಣೆಯವರು 2009ರಲ್ಲಿ ಇದನ್ನು ಸಾಧಿಸಿ ತೋರಿಸಿದರು. ವೈರ್‌ಲೆಸ್ ಇಂಟರ್ನೆಟ್ಟಿನ ಹೊಸ ಟವರ್ ಬಂದಿದ್ದೇ ತಲೆನೋವು, ವಾಕರಿಕೆ, ಮೈಯೆಲ್ಲ ಗಂಧೆ. ಜಗಳ ಜೋರಾದಾಗ ಕಂಪನಿಯವರು ಬಾಯಿಬಿಟ್ಟರು: ಟವರನ್ನು ಆಫ್ ಮಾಡಿ ಆಗಲೇ ವಾರಗಟ್ಟಲೆ ಆಗಿದೆ! ಶಾರ್ಕಿನ ಕೈಲಿ ಆಗುತ್ತಾ ಇದು?

ಮೊಬೈಲು, ವಿದ್ಯುತ್ ಉಪಕರಣಗಳ ಅಲೆ ಮೈಗೆ ಗೊತ್ತಾಗುವ ಶಕ್ತಿ ತಮಗಿದೆ ಎಂದ 725 ಜನರ ಮೇಲೆ ನಡೆದ 31 ಪ್ರಯೋಗಗಳನ್ನು 2005ರಲ್ಲಿ ಸಂಶೋಧಕರು ಒಟ್ಟಿಗೆ ಇಟ್ಟು ನೋಡಿದರು. ಗಟ್ಟಿ ಪುರಾವೆ ಸಿಗಲಿಲ್ಲ. ತಲೆನೋವು ನಿಜವೇ, ಅದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪುತ್ತದೆ. ಟವರ್ ಪಾತ್ರ ಮಾತ್ರ ಸಾಬೀತಾಗಿಲ್ಲ.

ಹಾಗಂತ ನಮ್ಮ ಮೈ ಪೂರಾ ದಡ್ಡ ಅಲ್ಲ. 400 ಕಿಲೋವೋಲ್ಟ್ ಲೈನಿನ ಕೆಳಗೆ ನಿಂತರೆ, ನೆಲದ ಮಟ್ಟದಲ್ಲೇ ಮೀಟರಿಗೆ ಹಲವು ಸಾವಿರ ವೋಲ್ಟ್‌ನ ವಿದ್ಯುತ್ ಕ್ಷೇತ್ರ ಇರುತ್ತದೆ. ಹತ್ತರಲ್ಲಿ ಒಬ್ಬ ಸೂಕ್ಷ್ಮ ಮೈಯವನಿಗೆ ಎರಡರಿಂದ ಐದು ಸಾವಿರಕ್ಕೇ ಅದು ಗೊತ್ತಾಗುತ್ತದೆ. ಆರನೇ ಇಂದ್ರಿಯ ಏನೂ ಬೇಡ, ತೋಳಿನ ಕೂದಲು ಸಾಕು. ನಮ್ಮ ಕರೆಂಟ್ ಸೆಕೆಂಡಿಗೆ 50 ಸುತ್ತು ತಿರುಗಿದರೆ ಕೂದಲು 100 ಸಲ ನಡುಗುತ್ತದೆ. ಇರುವೆ ಹರಿದ ಹಾಗೆ ಜುಮುಜುಮು.

ಇಷ್ಟು ನಂಬಿಕಸ್ಥ ಯಂತ್ರವನ್ನು ಮೈಮೇಲೇ ಹೊತ್ತುಕೊಂಡ ನಾವು ಅದರ ಮಾತು ಕೇಳುತ್ತೇವಾ?

ಬೆಂಗಳೂರಿನ ಒಂದು ಬಡಾವಣೆಯಲ್ಲಿ ಮೊಬೈಲ್ ಟವರ್ ಬರುತ್ತದಂತೆ ಎಂಬ ಸುದ್ದಿಗೇ ಮೂವರಿಗೆ ನಿದ್ದೆ ಹೋಯಿತು. ಇನ್ನೂ ಕಬ್ಬಿಣ ಬಂದು ಬಿದ್ದಿಲ್ಲ, ಅಷ್ಟರಲ್ಲೇ ಒಬ್ಬರ ಕಿವಿಯಲ್ಲಿ ಗುಂಯ್ ಶುರು. ತಡಮಾಡದೆ ಪ್ರತಿಭಟನಾ ಸಭೆ ಕರೆದರು. ಎಲ್ಲಿ? ಗಾಳಿ ಚೆನ್ನಾಗಿ ಬರುತ್ತದೆ ಅಂತ ಒಬ್ಬರ ಟೆರೇಸ್ ಮೇಲೆ. ಅದರ ನೆತ್ತಿಯ ಮೇಲೇ 66 ಸಾವಿರ ವೋಲ್ಟ್‌ನ ಹೈಟೆನ್ಷನ್ ಲೈನ್. ತಂತಿಗೂ ಕಟ್ಟಡಕ್ಕೂ ಮೇಲಕ್ಕೆ 4 ಮೀಟರ್, ಪಕ್ಕಕ್ಕೆ 2.3 ಮೀಟರ್ ಬಿಡಬೇಕು ಅಂತ ನಿಯಮವಿದೆ. ಇಲ್ಲಿ ಕೊಡೆ ಬಿಚ್ಚಲೂ ಯೋಚನೆ ಮಾಡಬೇಕು.

"ಬಟ್ಟೆ ಒಣಗಿಸೋ ತಂತಿ ಮುಟ್ಬೇಡಿ ಸರ್, ಸ್ವಲ್ಪ ಜುಂ ಅನ್ನುತ್ತೆ," ಅಂದರು ಮನೆಯ ಆಂಟಿ, ಕಾಫಿ ಕೊಡುತ್ತಾ. ಎರಡು ಪ್ಲಾಸ್ಟಿಕ್ ಪೈಪಿನ ನಡುವೆ ಬಿಗಿದ ತಂತಿ ಅದು. ಯಾವ ಸ್ವಿಚ್ಚಿಗೂ ಸಂಬಂಧವಿಲ್ಲ. ಒಬ್ಬರು ಟೆಸ್ಟರ್ ತಾಗಿಸಿದರು. ಕೆಂಪಗೆ ಉರಿಯಿತು. ಎಲ್ಲರೂ ಮೆಚ್ಚಿ ತಲೆಯಾಡಿಸಿದರು.

"ಆಂಟಿ, ಇದಕ್ಕೆ ಭಯ ಆಗಲ್ವಾ?"

"ಇದಕ್ಕಾ? ಇದು ಬರೀ ಕರೆಂಟು. ಟವರ್‌ದು ರೇಡಿಯೇಶನ್ ಅಲ್ವಾ!"

ಹೈಟೆನ್ಷನ್ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ, ತೀರಾ ಹತ್ತಿರ ಹೋದರೂ ಕರೆಂಟು ಹಾರಿ ಬಂದು ಹೊಡೆಯುತ್ತದೆ. ಗಾಳಿಪಟಕ್ಕೆ ಕೈಚಾಚಿದ ಮಕ್ಕಳ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಎರಡು ದಿನ ನೋಟಿಸ್ ಹಂಚುತ್ತಾರೆ. ಮೂರನೇ ದಿನ ಸಿಮೆಂಟ್ ಲಾರಿ ಬರುತ್ತದೆ. ನಕ್ಷೆಗೆ ಸಹಿ ಹಾಕಿದವರ ತೋಳಿನಲ್ಲೂ ಕೂದಲು ಇದ್ದಿರಲೇಬೇಕು. ಸ್ಥಳಕ್ಕೆ ಬಂದು ನಿಂತಿದ್ದರೆ ಅದೂ ನಡುಗುತ್ತಿತ್ತೇನೋ.

ಸಭೆಯಲ್ಲಿ ಎರಡು ನಿರ್ಣಯ ಪಾಸಾದವು. ಒಂದು, ಜನರ ಆರೋಗ್ಯದ ದೃಷ್ಟಿಯಿಂದ ಟವರ್ ಬೇಡವೇ ಬೇಡ. ಎರಡು, ಆಂಟಿ ಮನೆಗೆ ಇನ್ನೊಂದು ಮಹಡಿ ಏಳುತ್ತಿರುವುದರಿಂದ ಇಲಾಖೆಯವರು ಆ ಲೈನನ್ನು ಸ್ವಲ್ಪ ಮೇಲಕ್ಕೆ ಎತ್ತಿಕೊಡಬೇಕು.